ಸಂವಾದಿ ಎಲ್‌ಇಡಿ ಗೋಡೆ ಕೈಕೊಟ್ಟಾಗ: ಆಕಾರ ನೋಡಿ ದೋಷದ ಜಾಗ ಹಿಡಿಯುವ ಬಗೆ

ಎಲ್‌ಇಡಿ ಗೋಡೆಯಲ್ಲಿ ಕೆಟ್ಟಿರುವುದು ಎಲ್ಲಿ ಎಂಬುದನ್ನು ಹೆಚ್ಚಿನ ಸಲ ಗೋಡೆಯೇ ತೋರಿಸಿಕೊಡುತ್ತದೆ. ಕಪ್ಪಾದ ಜಾಗದ ಅಗಲವೆಷ್ಟು, ಎತ್ತರವೆಷ್ಟು, ಯಾವ ಅಂಚಿನಿಂದ ಶುರುವಾಗಿದೆ, ಎಲ್ಲ ಬಣ್ಣವೂ ಹೋಗಿದೆಯೋ ಒಂದೇ ಬಣ್ಣ ಹೋಗಿದೆಯೋ, ಇಷ್ಟನ್ನು ಗಮನಿಸಿಕೊಂಡರೆ ಏಣಿ ತರುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ. ನೋಡದೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಕೈಗೆ ಸಿಕ್ಕ ಕೇಬಲ್ ಕಿತ್ತು ಮತ್ತೆ ಚುಚ್ಚಿದರೆ ಒಂದಿದ್ದ ದೋಷ ಎರಡಾಗುತ್ತದೆ, ಮೊದಲನೆಯದರ ಗುರುತೂ ಅಳಿಸಿಹೋಗುತ್ತದೆ. ಯಾವುದನ್ನೂ ಮುಟ್ಟುವ ಮೊದಲು ಗೋಡೆಗೆ ಎದುರಾಗಿ ನಿಂತು ಒಂದು ಫೋಟೊ, ಹತ್ತು ಸೆಕೆಂಡಿನ ಒಂದು ವಿಡಿಯೊ ತೆಗೆದಿಟ್ಟುಕೊಳ್ಳಿ.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಮ್ಯೂಸಿಯಂ, ವಿಜ್ಞಾನ ಕೇಂದ್ರದ ಗ್ಯಾಲರಿಗೆ ಒಗ್ಗುವ ಒಂದು ಗೋಡೆ. ಪಿಕ್ಸೆಲ್‌ಗಳ ನಡುವಿನ ಅಂತರ 2.5 ಮಿ.ಮೀ. 640×480 ಮಿ.ಮೀ. ಅಳತೆಯ ಕ್ಯಾಬಿನೆಟ್‌ಗಳು (ಗೋಡೆ ಕಟ್ಟುವ ಪೆಟ್ಟಿಗೆಗಳು) ಅಡ್ಡಕ್ಕೆ 8, ಮೇಲಕ್ಕೆ 6, ಒಟ್ಟು 48. ಗೋಡೆಯ ಅಳತೆ 5.12×2.88 ಮೀಟರ್, ಅಂದರೆ ಸರಿಯಾಗಿ 16:9. ಪ್ರತಿ ಕ್ಯಾಬಿನೆಟ್‌ನಲ್ಲಿ 320×160 ಮಿ.ಮೀ.ನ 6 ಮಾಡ್ಯೂಲ್ (ಎಲ್‌ಇಡಿಗಳಿರುವ ಹಲಗೆ), ಚಿತ್ರದ ಡೇಟಾ ಪಡೆದು ಅವಕ್ಕೆ ಹಂಚುವ ಒಂದು ರಿಸೀವಿಂಗ್ ಕಾರ್ಡ್, 5 ವೋಲ್ಟ್ 40 ಆಂಪಿಯರ್‌ನ ಒಂದು ಎಸ್‌ಎಂಪಿಎಸ್ (ಪವರ್ ಸಪ್ಲೈ). ಒಂದು ಮಾಡ್ಯೂಲ್‌ನಲ್ಲಿ 128×64 ಪಿಕ್ಸೆಲ್, ಇಡೀ ಗೋಡೆಯಲ್ಲಿ 2048×1152. ಕಂಪ್ಯೂಟರಿನ ಚಿತ್ರವನ್ನು ಗೋಡೆಗೆ ಹಂಚುವ ಕಂಟ್ರೋಲರ್‌ನ ಒಂದು ಗಿಗಾಬಿಟ್ ಪೋರ್ಟ್ 60 ಹರ್ಟ್ಸ್, 8 ಬಿಟ್‌ನಲ್ಲಿ 6,50,000 ಪಿಕ್ಸೆಲ್ ಹೊರುತ್ತದೆ. ಕ್ಯಾಬಿನೆಟ್ ಒಂದಕ್ಕೆ 49,152 ಪಿಕ್ಸೆಲ್ ಆದ್ದರಿಂದ ಪೋರ್ಟಿಗೆ ಒಂದರಿಂದ ಒಂದಕ್ಕೆ ಕೇಬಲ್ ಹಾಕಿ ಸರಣಿಯಾಗಿ ಜೋಡಿಸಿದ 12 ಕ್ಯಾಬಿನೆಟ್, ಅಂದರೆ ಎರಡು ಕಂಬಸಾಲು (ಮೇಲಿಂದ ಕೆಳಗಿನ ಸಾಲು). ಒಟ್ಟು 4 ಪೋರ್ಟ್. ಗೋಡೆಯ ಮೇಲಂಚಿನ ನಡುವೆ ಕೂತ, ಲೇಸರ್ ಕಿರಣದಿಂದ ದೂರ ಅಳೆಯುವ ಲೈಡಾರ್ ಸೆನ್ಸರ್ ಜನರ ಕೈ ಎಲ್ಲಿ ತಾಗಿತು ಎಂದು ಕಂಪ್ಯೂಟರಿಗೆ ಹೇಳುತ್ತದೆ. ನಿಮ್ಮ ಗೋಡೆಯ ಅಳತೆ ಬೇರೆ ಇರಬಹುದು. ಈ ಲೆಕ್ಕವನ್ನು ನಿಮ್ಮದಕ್ಕೆ ಹಾಕಿ ಒಂದು ಹಾಳೆಯಲ್ಲಿ ಬರೆದು ಕಂಟ್ರೋಲರ್ ಇರುವ ರ‍್ಯಾಕ್‌ನ ಬಾಗಿಲಿಗೆ ಅಂಟಿಸಿ. ಮುಂದಿನದೆಲ್ಲ ಆ ಹಾಳೆಯನ್ನೇ ನೆಚ್ಚಿಕೊಂಡಿದೆ.

ಮೊದಲು ಸರಣಿಯನ್ನು ನಡುವೆ ಕಡಿಯಿರಿ

ಚಿತ್ರ ಹೋಗುವ ದಾರಿ ಹೀಗೆ: ಕಂಪ್ಯೂಟರ್, ಎಚ್‌ಡಿಎಂಐ ಕೇಬಲ್, ಕಂಟ್ರೋಲರ್, ನೆಟ್‌ವರ್ಕ್ ಕೇಬಲ್, ರಿಸೀವಿಂಗ್ ಕಾರ್ಡ್, ರಿಬ್ಬನ್ ಕೇಬಲ್, ಮಾಡ್ಯೂಲ್. ಇದರ ನಡುವಿರುವುದು ಕಂಟ್ರೋಲರ್. ಅದರ ಮೆನುವಿನಲ್ಲೇ ಟೆಸ್ಟ್ ಪ್ಯಾಟರ್ನ್ ಇರುತ್ತದೆ: ಪೂರ್ತಿ ಕೆಂಪು, ಹಸಿರು, ನೀಲಿ, ಬಿಳಿ, ಓರೆಗೆರೆ. ಇದಕ್ಕೆ ಕಂಪ್ಯೂಟರ್ ಬೇಕಿಲ್ಲ. ಪ್ಯಾಟರ್ನ್ ಗೋಡೆಯ ತುಂಬ ಸರಿಯಾಗಿ ಬಂದರೆ ಗೋಡೆ ಚೆನ್ನಾಗಿದೆ, ದೋಷ ಕಂಪ್ಯೂಟರ್ ಅಥವಾ ಎಚ್‌ಡಿಎಂಐ ಕಡೆ. ಪ್ಯಾಟರ್ನ್‌ನಲ್ಲೂ ಅದೇ ಜಾಗ ಕಪ್ಪಾಗಿಯೇ ಉಳಿದರೆ ಕಂಪ್ಯೂಟರ್ ಮುಟ್ಟಬೇಡಿ. ಎರಡು ನಿಮಿಷದ ಈ ಪರೀಕ್ಷೆಯನ್ನು ಬಿಟ್ಟು ದಿನಗಟ್ಟಲೆ ವಿಂಡೋಸ್ ಸೆಟ್ಟಿಂಗ್ ಹುಡುಕುವವರನ್ನು ಕಂಡರೆ ಸಂಕಟವಾಗುತ್ತದೆ, ಏಕೆಂದರೆ ಅಷ್ಟೂ ಹೊತ್ತು ಗ್ಯಾಲರಿ ಮುಚ್ಚಿರುತ್ತದೆ.

ದೊಡ್ಡ ಆಕಾರಗಳು

ಒಟ್ಟಿಗೆ ಎರಡು ಕಂಬಸಾಲು, 1.28 ಮೀಟರ್ ಅಗಲಕ್ಕೆ ಕಪ್ಪಾಗಿದ್ದರೆ ಒಂದು ಪೋರ್ಟಿನ ದಾರಿ ಪೂರ್ತಿ ಹೋಗಿದೆ. ಆ ಕೇಬಲನ್ನು ಪಕ್ಕದ ಪೋರ್ಟಿನ ಕೇಬಲ್ ಜೊತೆ ಅದಲುಬದಲು ಮಾಡಿ. ಕಪ್ಪು ಪಕ್ಕಕ್ಕೆ ಸರಿದರೆ ಪೋರ್ಟ್ ಕೆಟ್ಟಿದೆ. ಇದ್ದಲ್ಲೇ ಇದ್ದರೆ ಕೇಬಲ್ ಅಥವಾ ಮೊದಲ ಕ್ಯಾಬಿನೆಟ್. (ಬದಲಿಸಿದಾಗ ಚಿತ್ರದ ಭಾಗಗಳೂ ಅದಲುಬದಲಾಗಿ ಕಾಣುತ್ತವೆ, ಅದಕ್ಕೆ ಗಾಬರಿ ಬೇಡ.) ಯಾರಾದರೂ ಇತ್ತೀಚೆಗೆ ಬಣ್ಣದ ಆಳವನ್ನು 10 ಬಿಟ್‌ಗೆ ಏರಿಸಿದ್ದಾರಾ ಎಂದೂ ಕೇಳಿ. ಹಳೆಯ ಮಾದರಿಯ ಕಂಟ್ರೋಲರ್‌ಗಳಲ್ಲಿ ಆಗ ಪೋರ್ಟಿನ ಮಿತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. 12 ಕ್ಯಾಬಿನೆಟ್ ಹೊರುತ್ತಿದ್ದ ಪೋರ್ಟ್ 6ಕ್ಕೇ ಸೋತು ನಿಲ್ಲುತ್ತದೆ.

ಒಂದು ಕ್ಯಾಬಿನೆಟ್‌ನಿಂದ ಶುರುವಾಗಿ ಸರಣಿಯ ಕೊನೆಯವರೆಗೂ ಕಪ್ಪಾಗಿದ್ದರೆ ನೋಡಬೇಕಾದದ್ದು ಮೂರೇ ಜಾಗ: ಕೊನೆಯ ಸರಿಯಾದ ಕ್ಯಾಬಿನೆಟ್‌ನ ಔಟ್ ಸಾಕೆಟ್, ನಡುವಿನ ಕೇಬಲ್, ಮೊದಲ ಕಪ್ಪು ಕ್ಯಾಬಿನೆಟ್. ರಿಸೀವಿಂಗ್ ಕಾರ್ಡಿನ ದೀಪಗಳನ್ನು ನೋಡಿ. ಹೆಚ್ಚಿನ ಕಾರ್ಡ್‌ಗಳಲ್ಲಿ ಕೆಂಪು ದೀಪ ಪವರ್ ಬಂದಿದೆ ಎನ್ನುತ್ತದೆ, ಮಿನುಗುವ ಹಸಿರು ಡೇಟಾ ಬರುತ್ತಿದೆ ಎನ್ನುತ್ತದೆ. ಎರಡೂ ಆರಿದ್ದರೆ ಎಸ್‌ಎಂಪಿಎಸ್ ಕಡೆ ಹೋಗಿ. ಕಾರ್ಡಿಗೆ ಪವರ್ ಇಲ್ಲದಿದ್ದರೆ ಅದು ಡೇಟಾವನ್ನು ಮುಂದಕ್ಕೂ ದಾಟಿಸುವುದಿಲ್ಲ, ಹಾಗಾಗಿ ಒಂದು ಎಸ್‌ಎಂಪಿಎಸ್ ಸತ್ತರೆ ಅದರ ಮುಂದಿನ ಎಲ್ಲ ಕ್ಯಾಬಿನೆಟ್‌ಗಳೂ ಸತ್ತಂತೆ ಕಾಣುತ್ತವೆ. ಕೆಂಪು ಇದ್ದು ಹಸಿರು ಇಲ್ಲದಿದ್ದರೆ ಕೇಬಲ್ ಬದಲಿಸಿ. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು. ಒಂದು ತಂತಿ ಒಳಗೇ ತುಂಡಾದ ಕೇಬಲ್ ಲ್ಯಾಪ್‌ಟಾಪ್‌ಗೆ 100 ಮೆಗಾಬಿಟ್‌ನಲ್ಲಿ ಇಂಟರ್‌ನೆಟ್ ಕೊಟ್ಟರೂ ಕೊಟ್ಟೀತು, ಗೋಡೆಗೆ ಮಾತ್ರ ಅದು ದಕ್ಕದು. "ಕೇಬಲ್ ಚೆನ್ನಾಗೇ ಇದೆ ಸಾರ್, ನೆಟ್ ಬರ‍್ತಿದೆ" ಎಂಬ ಮಾತನ್ನು ಇಲ್ಲಿ ಪುರಾವೆಯಾಗಿ ತೆಗೆದುಕೊಳ್ಳಬೇಡಿ.

ಸರಣಿಯ ಕೊನೆಯಿಂದ ಕಂಟ್ರೋಲರ್‌ಗೆ ವಾಪಸ್ ಬರುವ ಬ್ಯಾಕಪ್ ಕೇಬಲ್ ಇದ್ದರೆ ಲೆಕ್ಕ ಬೇರೆ. ಆಗ ಒಂದು ಕ್ಯಾಬಿನೆಟ್ ಮಾತ್ರ ಕಪ್ಪಾಗುತ್ತದೆ, ಉಳಿದವಕ್ಕೆ ಡೇಟಾ ಹಿಂದಿನಿಂದ ಬರುತ್ತದೆ. ಆದರೆ ಬ್ಯಾಕಪ್ ಮೊದಲ ದೋಷವನ್ನು ಮುಚ್ಚಿಬಿಡುತ್ತದೆ. ಒಂದು ಕೇಬಲ್ ಕಡಿದರೂ ಚಿತ್ರ ನಡೆಯುತ್ತಲೇ ಇರುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ತಿಂಗಳ ನಂತರ ಎರಡನೆಯದು ಕಡಿದ ದಿನ ಎರಡು ಕಡಿತಗಳ ನಡುವಿನ ಭಾಗವೆಲ್ಲ ಒಮ್ಮೆಲೇ ಕಪ್ಪಾಗುತ್ತದೆ. ವಾರಕ್ಕೊಮ್ಮೆ ಗ್ಯಾಲರಿ ಮುಚ್ಚಿದ ಮೇಲೆ ಮೊದಲು ಬ್ಯಾಕಪ್ ಕೇಬಲ್, ಆಮೇಲೆ ಮುಖ್ಯ ಕೇಬಲ್ ಒಂದೊಂದಾಗಿ ತೆಗೆದು ಗೋಡೆ ನಿಲ್ಲುತ್ತದೆಯೇ ನೋಡಿ.

ಕ್ಯಾಬಿನೆಟ್ ಬೆಳಗುತ್ತಿದೆ, ಆದರೆ ಒಳಗೆ ಚಿತ್ರ ಚೂರುಚೂರಾಗಿದೆ ಎಂದರೆ ಕಾರ್ಡಿನ ಕಾನ್ಫಿಗರೇಶನ್ ಹೋಗಿದೆ. ಗೋಡೆ ಕಟ್ಟಿದವರಿಂದ ಪಡೆದ ಫೈಲನ್ನು ಆ ಕಾರ್ಡಿಗೆ ಕಳುಹಿಸಿ, ಆಮೇಲೆ ತಪ್ಪದೆ "ಸೇವ್" ಒತ್ತಿ. ಕಳುಹಿಸಿದರೆ ಚಿತ್ರ ಆಗಲೇ ಸರಿಯಾಗುತ್ತದೆ, ಅದಕ್ಕೇ ಸೇವ್ ಮರೆತುಹೋಗುತ್ತದೆ. ಮಾರನೆಯ ಬೆಳಿಗ್ಗೆ ಸ್ವಿಚ್ ಹಾಕಿದಾಗ ಮತ್ತೆ ಅದೇ ಚೂರು. ಫೈಲ್ ನಿಮ್ಮ ಹತ್ತಿರ ಇಲ್ಲದಿದ್ದರೆ, ಗೋಡೆ ಚೆನ್ನಾಗಿರುವಾಗಲೇ ಸರಿಯಾದ ಒಂದು ಕಾರ್ಡಿನಿಂದ ಓದಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.

ಮಾಡ್ಯೂಲ್ ಒಳಗೆ

ಇಲ್ಲಿ ಗೋಡೆ ಇನ್ನೂ ಸ್ಪಷ್ಟವಾಗಿ ಮಾತಾಡುತ್ತದೆ. ಮಾಡ್ಯೂಲ್‌ಗೆ ಡೇಟಾ ತರುವುದು 16 ತಂತಿಯ ರಿಬ್ಬನ್, ಹಬ್75 ಕನೆಕ್ಟರ್. ಅದರಲ್ಲಿ ಮೇಲಿನ ಅರ್ಧಕ್ಕೆ ಕೆಂಪು, ಹಸಿರು, ನೀಲಿಗೆ ಮೂರು ತಂತಿ, ಕೆಳಗಿನ ಅರ್ಧಕ್ಕೆ ಬೇರೆ ಮೂರು ತಂತಿ. ಆದ್ದರಿಂದ ಪೂರ್ತಿ ಕೆಂಪು ಹಾಕಿದಾಗ ಮಾಡ್ಯೂಲ್‌ನ ಕೆಳಗಿನ 80 ಮಿ.ಮೀ. ಮಾತ್ರ ಕಪ್ಪಾಗಿದ್ದರೆ ಹೋಗಿರುವುದು ಒಂದೇ ತಂತಿ, ಕೆಳ ಅರ್ಧದ ಕೆಂಪು. ಮೊದಲು ರಿಬ್ಬನ್ ಒತ್ತಿ ಕೂರಿಸಿ. ಸರಿಹೋಗದಿದ್ದರೆ ರಿಬ್ಬನ್ ಬದಲಿಸಿ. ಅದಕ್ಕೂ ಬಗ್ಗದಿದ್ದರೆ ಕನೆಕ್ಟರ್‌ನ ಪಕ್ಕದಲ್ಲಿರುವ, 245 ಎಂದು ಬರೆದಿರುವ ಬಫರ್ ಚಿಪ್ ಮೇಲೆ ಅನುಮಾನ. ಪವರ್ ಇರುವಾಗಲೇ ರಿಬ್ಬನ್ ಕಿತ್ತು ಹಾಕಿದರೆ ಮೊದಲು ಸಾಯುವುದು ಈ ಚಿಪ್ಪೇ. ಆ ಸರ್ಕ್ಯೂಟ್‌ನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್) ಇಳಿಸದೆ ರಿಬ್ಬನ್ ಮುಟ್ಟಬಾರದು.

ಒಂದು ಗೆರೆ ಬಿಟ್ಟು ಒಂದು ಗೆರೆ ಕಪ್ಪಾಗಿದ್ದು, ಬೆಳಗುವ ಗೆರೆಗಳಲ್ಲಿ ಎರಡು ಸಾಲಿನ ಚಿತ್ರ ಕಲಸಿಕೊಂಡಿದ್ದರೆ ಯಾವ ಸಾಲು ಬೆಳಗಬೇಕು ಎಂದು ಹೇಳುವ ವಿಳಾಸದ ತಂತಿಗಳಲ್ಲಿ ಮೊದಲನೆಯದು, ಅಂದರೆ ಎ ಹೋಗಿದೆ. 1/32 ಸ್ಕ್ಯಾನ್‌ನ, ಅಂದರೆ ಪ್ರತಿ ಅರ್ಧದ 32 ಸಾಲುಗಳನ್ನು ಒಂದೊಂದಾಗಿ ಬೆಳಗಿಸುವ ಮಾಡ್ಯೂಲ್‌ಗೆ ಎ ಇಂದ ಇ ವರೆಗೆ ಐದು ವಿಳಾಸದ ತಂತಿ ಇರುತ್ತವೆ. ಐದನೆಯದು ಹೋದರೆ ಪ್ರತಿ ಅರ್ಧದಲ್ಲೂ 16 ಸಾಲು ಕಪ್ಪು, ಉಳಿದ 16 ಸಾಲಿನಲ್ಲಿ ಎರಡು ಚಿತ್ರ ಒಂದರ ಮೇಲೊಂದು. ಪಟ್ಟೆಯ ದಪ್ಪ ಅಳೆದರೆ ಯಾವ ತಂತಿ ಎಂದು ಗೊತ್ತಾಗುತ್ತದೆ: 1, 2, 4, 8, 16 ಸಾಲು ದಪ್ಪವಿದ್ದರೆ ಕ್ರಮವಾಗಿ ಎ, ಬಿ, ಸಿ, ಡಿ, ಇ.

40 ಮಿ.ಮೀ. ಅಗಲ, 80 ಮಿ.ಮೀ. ಎತ್ತರದ ತುಂಡಿನಲ್ಲಿ ಒಂದೇ ಬಣ್ಣ ಇಲ್ಲದಿದ್ದರೆ ಎಲ್‌ಇಡಿಗಳನ್ನು ಬೆಳಗಿಸುವ ಒಂದು ಚಿಪ್, ಅಂದರೆ ಡ್ರೈವರ್ ಐಸಿ ಹೋಗಿದೆ. ಒಂದು ಐಸಿ ಪಿಕ್ಸೆಲ್‌ಗಳ 16 ಕಂಬಗಳನ್ನು ನೋಡಿಕೊಳ್ಳುತ್ತದೆ, 16 ಸಲ 2.5 ಎಂದರೆ 40. ಆ ತುಂಡಿನಿಂದ ಶುರುವಾಗಿ ಮುಂದಿನ ಮಾಡ್ಯೂಲ್‌ವರೆಗೂ ಅದೇ ಬಣ್ಣ ಇಲ್ಲದಿದ್ದರೆ ಐಸಿಯಿಂದ ಐಸಿಗೆ ಡೇಟಾ ದಾಟುವ ಕಡೆ ಬೆಸುಗೆ ಬಿಟ್ಟಿದೆ. ಮುಂದಿನ ಮಾಡ್ಯೂಲ್ ಯಾವ ಕಡೆಯದು ಎಂಬುದಕ್ಕೆ ಮಾಡ್ಯೂಲ್ ಹಿಂಬದಿಯ ಬಾಣದ ಗುರುತು ನೋಡಿ. ಹಿಂದಿನಿಂದ ನೋಡುವಾಗ ಎಡಬಲ ತಿರುಗುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಆದರೂ ಗೋಡೆಯ ಹಿಂದಿನ ಇಕ್ಕಟ್ಟಿನಲ್ಲಿ ಟಾರ್ಚ್ ಹಿಡಿದು ನಿಂತಾಗ ತಪ್ಪುತ್ತದೆ. ಒಬ್ಬರು ಮುಂದೆ ನಿಂತು ಕೆಟ್ಟ ಮಾಡ್ಯೂಲ್ ಪಕ್ಕ ಬೆರಳಿಡಲಿ, ಇನ್ನೊಬ್ಬರು ಹಿಂದಿನಿಂದ ಫೋನಿನಲ್ಲಿ ಕೇಳಿಕೊಂಡು ಹುಡುಕಲಿ.

ಕಪ್ಪು ಚಿತ್ರದ ಮೇಲೂ ಒಂದು ಪಿಕ್ಸೆಲ್ ಅಗಲದ, 80 ಮಿ.ಮೀ. ಉದ್ದದ ಗೆರೆ ಒಂದೇ ಬಣ್ಣದಲ್ಲಿ ಮಂಕಾಗಿ ಉರಿಯುತ್ತಿದ್ದರೆ ಐಸಿ ಕೀಳಬೇಡಿ. ಆ ಕಂಬದಲ್ಲಿ ಒಂದೇ ಒಂದು ಎಲ್‌ಇಡಿ ಶಾರ್ಟ್ ಆಗಿ ಉಳಿದವನ್ನು ಎಳೆಯುತ್ತಿರುತ್ತದೆ. ಅದೊಂದನ್ನು ಬದಲಿಸಿದರೆ ಗೆರೆ ಪೂರ್ತಿ ಹೋಗುತ್ತದೆ.

ಮಾಡ್ಯೂಲ್ ಕೆಟ್ಟಿದೆಯೋ ಅದಕ್ಕೆ ಡೇಟಾ ಕೊಡುವ ಕಡೆ ಕೆಟ್ಟಿದೆಯೋ ಎಂದು ತಿಳಿಯಲು ಪಕ್ಕದ ಸಾಲಿನ ಮಾಡ್ಯೂಲ್ ಜೊತೆ ಬದಲಿಸಿ ನೋಡುವುದೇ ನಂಬುವಂಥ ದಾರಿ. ದೋಷ ಮಾಡ್ಯೂಲ್ ಜೊತೆ ಹೋದರೆ ಮಾಡ್ಯೂಲ್, ಅಲ್ಲೇ ಉಳಿದರೆ ಕಾರ್ಡ್ ಅಥವಾ ರಿಬ್ಬನ್‌ಗಳು ಬಂದು ಸೇರುವ ಹಬ್ ಬೋರ್ಡ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮುಂದಿನಿಂದ ತೆಗೆಯುವಾಗ ವ್ಯಾಕ್ಯೂಮ್ ಹಿಡಿಕೆಯಿಂದ ನೇರವಾಗಿ, ಗೋಡೆಗೆ ಲಂಬವಾಗಿ ಎಳೆಯಿರಿ. ಓರೆಯಾಗಿ ಎಳೆದರೆ ಪಕ್ಕದ ಮಾಡ್ಯೂಲ್‌ನ ಅಂಚಿನ ಎಲ್‌ಇಡಿಗಳು ಕಿತ್ತುಬರುತ್ತವೆ, ಸಾಸಿವೆಕಾಳಿನಷ್ಟು ಸಣ್ಣವು, ನೆಲದಲ್ಲಿ ಹುಡುಕಿದರೂ ಸಿಗುವುದಿಲ್ಲ. ಅರ್ತ್ ಆದ ರಿಸ್ಟ್ ಸ್ಟ್ರ್ಯಾಪ್ ಹಾಕಿಕೊಳ್ಳಿ.

ಹೊಸ ಮಾಡ್ಯೂಲ್ ಹಾಕಿದಲ್ಲಿ ಬಿಳಿ ಸ್ವಲ್ಪ ನೀಲಿಯಾಗಿಯೋ ಹಳದಿಯಾಗಿಯೋ ಕಂಡರೆ ಅದು ಬೇರೆ ಬ್ಯಾಚಿನದು. ಕ್ಯಾಲಿಬ್ರೇಶನ್‌ನಿಂದ ಒಂದಿಷ್ಟು ಸರಿಹೋಗುತ್ತದೆ, ಪೂರ್ತಿ ಅಲ್ಲ. 288 ಮಾಡ್ಯೂಲ್‌ನ ಗೋಡೆಗೆ ಅದೇ ಬ್ಯಾಚಿನ 10 ಮಾಡ್ಯೂಲ್ ಆದರೂ ಕೊಳ್ಳುವ ದಿನವೇ ತೆಗೆದಿಡಬೇಕು. ಆಮೇಲೆ ಆ ಬ್ಯಾಚ್ ಸಿಗುವುದಿಲ್ಲ.

ಬಿಳಿ ಕೆಂಪಾದರೆ, ಬೆಳಿಗ್ಗೆ ಟ್ರಿಪ್ ಆದರೆ

ಪೂರ್ತಿ ಬಿಳಿ ಹಾಕಿದಾಗ ಕ್ಯಾಬಿನೆಟ್‌ನ ಒಂದು ಮೂಲೆ ಕೆಂಪಗೆ ತಿರುಗಿದರೆ ಅದು ಬಣ್ಣದ ದೋಷ ಅಲ್ಲ, ವೋಲ್ಟೇಜ್ ಕುಸಿತ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು, ಹಸಿರು ಮತ್ತು ನೀಲಿಗೆ ಸುಮಾರು 3 ಬೇಕು. ವೋಲ್ಟೇಜ್ ಇಳಿದಾಗ ಮೊದಲು ಸೊರಗುವವು ಅವೆರಡು. ಮಲ್ಟಿಮೀಟರ್ ಹಿಡಿದು ಎಸ್‌ಎಂಪಿಎಸ್ ಬಾಯಲ್ಲಿ ಒಮ್ಮೆ, ಮಾಡ್ಯೂಲ್‌ನ ಪವರ್ ಕನೆಕ್ಟರ್‌ನಲ್ಲಿ ಒಮ್ಮೆ ಅಳೆಯಿರಿ, ಎರಡನ್ನೂ ಪೂರ್ತಿ ಬಿಳಿ ಇರುವಾಗಲೇ. ಕಪ್ಪು ಚಿತ್ರದಲ್ಲಿ ಅಳೆದರೆ ಕೆಟ್ಟ ಎಸ್‌ಎಂಪಿಎಸ್ ಕೂಡ 5 ವೋಲ್ಟ್ ತೋರಿಸುತ್ತದೆ. ಎಸ್‌ಎಂಪಿಎಸ್‌ನಲ್ಲಿ 5 ಇದ್ದು ಮಾಡ್ಯೂಲ್‌ನಲ್ಲಿ 4.5ಕ್ಕಿಂತ ಕಡಿಮೆ ಬಂದರೆ ತಂತಿಯ ಸ್ಕ್ರೂ ಸಡಿಲ ಅಥವಾ ಕನೆಕ್ಟರ್ ಕಂದಿದೆ. ಕಂದಿದ ಪ್ಲಾಸ್ಟಿಕ್ಕಿನ ಬಣ್ಣ ಚಹಾದಂತೆ ಇರುತ್ತದೆ. ಅದನ್ನು ಒತ್ತಿ ಕೂರಿಸಿ ಬಿಡಬೇಡಿ, ಬದಲಿಸಿ. ಹೆಚ್ಚು ಕರೆಂಟ್ ಹರಿಯುವ ಜಾಗ ಅದು, ಬೆಂಕಿ ಹೊತ್ತುವುದು ಅಲ್ಲಿಂದಲೇ.

ಬೆಳಿಗ್ಗೆ ಸ್ವಿಚ್ ಹಾಕಿದ ಕೂಡಲೇ ಎಂಸಿಬಿ ಬಿದ್ದು, ಎರಡನೆಯ ಸಲಕ್ಕೆ ನಿಂತರೆ ಅದು 48 ಎಸ್‌ಎಂಪಿಎಸ್‌ಗಳ ಕೆಪಾಸಿಟರ್ ಒಟ್ಟಿಗೆ ತುಂಬಿಕೊಳ್ಳುವ ಕ್ಷಣದ ಕರೆಂಟ್. ಸಿ ಬಗೆಯ ಎಂಸಿಬಿ ಹಾಕಿಸಿ, ಸೀಕ್ವೆನ್ಸರ್‌ನಿಂದ ಕಂಬಸಾಲುಗಳನ್ನು ಒಂದೆರಡು ಸೆಕೆಂಡ್ ಬಿಟ್ಟು ಒಂದೊಂದಾಗಿ ಏರಿಸಿ. ಬೀಳುವುದು ಎಂಸಿಬಿ ಅಲ್ಲ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಎಂದಾದರೆ ಕಾರಣ ಬೇರೆ. ಪ್ರತಿ ಎಸ್‌ಎಂಪಿಎಸ್‌ನ ಫಿಲ್ಟರ್‌ನಿಂದ ಅರ್ತ್‌ಗೆ ಸ್ವಲ್ಪ ಕರೆಂಟ್ ಸೋರುವುದು ಸಹಜ. ಒಂದರಿಂದ 1 ಮಿಲಿಆಂಪಿಯರ್ ಎಂದಿಟ್ಟುಕೊಂಡರೂ 48ರಿಂದ 48 ಆಯಿತು, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೀಳಲೇಬೇಕು. ಅರ್ಧ, ಅಂದರೆ 15 ದಾಟಿದ ಮೇಲೆ ಅದು ಯಾವಾಗ ಬೇಕಾದರೂ ಬೀಳಬಹುದು. ಪರಿಹಾರ ಗೋಡೆಯನ್ನು ನಾಲ್ಕು ಸರ್ಕ್ಯೂಟ್ ಮಾಡಿ ನಾಲ್ಕು ಆರ್‌ಸಿಸಿಬಿ ಹಾಕುವುದು. ಅರ್ತ್ ತಂತಿ ತೆಗೆದರೆ ಟ್ರಿಪ್ ನಿಲ್ಲುತ್ತದೆ, ನಿಜ. ಆದರೆ ಮಕ್ಕಳು ಕೈಯಿಟ್ಟು ಆಡುವ ಲೋಹದ ಗೋಡೆ ಅದು. ಯಾವ ಒತ್ತಡವಿದ್ದರೂ ಆ ಕೆಲಸಕ್ಕೆ ಕೈಹಾಕಬಾರದು.

ಕಂಪ್ಯೂಟರ್ ಕಡೆ

ಕರೆಂಟ್ ಹೋಗಿ ಜನರೇಟರ್ ಹತ್ತಿದ ಮೇಲೆ ಚಿತ್ರ ಮೂಲೆಗೆ ಸೇರಿದ್ದರೆ ಅಥವಾ ಬರದೇ ಇದ್ದರೆ, ಕಂಟ್ರೋಲರ್ ಎಚ್ಚರಗೊಳ್ಳುವ ಮೊದಲೇ ಕಂಪ್ಯೂಟರ್ ಬೂಟ್ ಆಗಿದೆ. ಎದುರಿಗಿರುವ ಪರದೆಯ ಅಳತೆ ಹೇಳುವ ಇಡಿಐಡಿ ಮಾಹಿತಿ ಅದಕ್ಕೆ ಸಿಕ್ಕಿಲ್ಲ. ಗ್ರಾಫಿಕ್ಸ್ ಕಾರ್ಡಿನಲ್ಲಿ ಇಡಿಐಡಿ ಲಾಕ್ ಮಾಡಿ, ಆ ಸೌಲಭ್ಯ ಇಲ್ಲದಿದ್ದರೆ ಆ ಮಾಹಿತಿಯನ್ನು ಸದಾ ಕೊಡುತ್ತಿರುವ ಒಂದು ಇಡಿಐಡಿ ಎಮ್ಯುಲೇಟರ್ ಹಾಕಿ. ಏರಿಸುವ ಕ್ರಮ ಕಂಟ್ರೋಲರ್, ಗೋಡೆ, ಒಂದು ನಿಮಿಷ ಬಿಟ್ಟು ಕಂಪ್ಯೂಟರ್.

ಚಿತ್ರದ ಮೇಲೆ ಬಿಳಿ ಚುಕ್ಕೆಗಳು ಮಿಂಚಿದರೆ ಎಚ್‌ಡಿಎಂಐ ಕೇಬಲ್ ಸೋತಿದೆ. ಎಷ್ಟೋ ಕಡೆ 15 ಮೀಟರ್ ತಾಮ್ರದ ಕೇಬಲ್‌ನಲ್ಲಿ 4ಕೆ 60 ಹರ್ಟ್ಸ್ ಕಳುಹಿಸಿ ಈ ಚುಕ್ಕೆ ತರಿಸಿಕೊಂಡಿರುತ್ತಾರೆ. ಗೋಡೆಯಲ್ಲಿರುವುದೇ 2048×1152 ಪಿಕ್ಸೆಲ್. 4ಕೆಗೆ 594 ಮೆಗಾಹರ್ಟ್ಸ್ ಬೇಕಾದರೆ, ಕಸ್ಟಮ್ ರೆಸಲ್ಯೂಶನ್ ಮಾಡಿ 2048×1152 ಅನ್ನೇ ಕಳುಹಿಸಿದರೆ 165ರ ಒಳಗೆ ಮುಗಿಯುತ್ತದೆ. ಸಣ್ಣ ಕನ್ನಡ ಅಕ್ಷರಗಳ ಒತ್ತಕ್ಷರವೂ ಆಗ ಮಸುಕಾಗದೆ ನಿಲ್ಲುತ್ತದೆ, ಏಕೆಂದರೆ ನಡುವೆ ಸ್ಕೇಲಿಂಗ್ ಇಲ್ಲ. ಆಪ್ಟಿಕಲ್ ಎಚ್‌ಡಿಎಂಐ ಹಾಕಿದ್ದರೆ ಅದಕ್ಕೆ ದಿಕ್ಕಿದೆ, ತಿರುಗಿಸಿ ಹಾಕಿದರೆ ಏನೂ ಬರುವುದಿಲ್ಲ.

ಮುಟ್ಟಿದ್ದೊಂದು ಕಡೆ, ತೆರೆದದ್ದೊಂದು ಕಡೆ

ಲೈಡಾರ್ ಗೋಡೆಯ ಮುಂದೆ ಸುಮಾರು 4 ಸೆಂ.ಮೀ. ಬಿಟ್ಟು ಬೆಳಕಿನ ಒಂದು ತೆಳು ಪದರ ಹರಡುತ್ತದೆ. ಅದು ಗೋಡೆಗೆ ಸಮಾನಾಂತರವಾಗಿರಬೇಕು. ಬಲ್ಬ್ ಬದಲಿಸುವವರ ಏಣಿ ತಾಗಿ ಸೆನ್ಸರ್ 1 ಡಿಗ್ರಿ ಒಳಗೆ ವಾಲಿದರೂ ಪದರ 2.3 ಮೀಟರ್ ಕೆಳಗೆ ಗೋಡೆಗೇ ತಾಗುತ್ತದೆ. ಕೆಳಗಿನ ಅರ್ಧ ಮೀಟರ್ ಯಾರೋ ಸದಾ ಒತ್ತಿಹಿಡಿದಂತೆ ವರ್ತಿಸುತ್ತದೆ. ಹೊರಗೆ ವಾಲಿದರೆ ಬುಡದಲ್ಲಿ ಪದರ 9 ಸೆಂ.ಮೀ. ದೂರ ಹೋಗುತ್ತದೆ, ಹತ್ತಿರ ನಿಂತ ಮಗುವಿನ ಹೊಟ್ಟೆಯೂ "ಒತ್ತಿದೆ" ಎಂದಾಗುತ್ತದೆ. ಎರಡೂ ಸಂದರ್ಭದಲ್ಲಿ ಸಾಫ್ಟ್‌ವೇರ್‌ನಲ್ಲಿ ಮಾಸ್ಕ್ ಹಾಕಿ (ಆ ಜಾಗವನ್ನು ಲೆಕ್ಕದಿಂದ ಬಿಡಿಸಿ) ಮುಚ್ಚಬೇಡಿ, ಸೆನ್ಸರ್‌ನ ಬ್ರಾಕೆಟ್ ಸರಿಮಾಡಿ ಮತ್ತೆ ಕ್ಯಾಲಿಬ್ರೇಟ್ ಮಾಡಿ.

ಗ್ಯಾಲರಿ ಖಾಲಿ ಇರುವಾಗ ಸ್ಪರ್ಶ ತಾನಾಗಿ ಬರುತ್ತಿದ್ದರೆ ಸೆನ್ಸರ್‌ನ ಕಿಟಕಿಯ ಧೂಳು ಒರೆಸಿ, ಬಿಸಿಲು ನೇರ ಬೀಳುತ್ತಿದೆಯೇ ನೋಡಿ, ಹೊಳಪಿನ ಗ್ರಾನೈಟ್ ನೆಲದಿಂದ ಬೆಳಕು ವಾಪಸ್ ಬರುತ್ತಿದೆಯೇ ನೋಡಿ.

ದೂರದ ಮೂಲೆಯಲ್ಲಿ ಬೆರಳು ಸಿಗುವುದಿಲ್ಲ, ಅಂಗೈ ಸಿಗುತ್ತದೆ ಎಂಬ ದೂರು ದೋಷವಲ್ಲ, ಲೆಕ್ಕ. ಮೇಲಂಚಿನ ನಡುವಿನಿಂದ ಕೆಳ ಮೂಲೆಗೆ 3.85 ಮೀಟರ್. 0.25 ಡಿಗ್ರಿಗೊಮ್ಮೆ ನೋಡುವ ಸೆನ್ಸರ್‌ಗೆ ಅಲ್ಲಿ ಎರಡು ಕಿರಣಗಳ ನಡುವೆ 17 ಮಿ.ಮೀ. ಅಂತರ. ಬೆರಳು ನುಸುಳಿಹೋಗುತ್ತದೆ. ಹೊಕುಯೊ ಯುಎಸ್‌ಟಿ-10ಎಲ್‌ಎಕ್ಸ್‌ನಂಥ ಸೆನ್ಸರ್‌ನ ದೂರದ ಅಳತೆಯಲ್ಲೇ 40 ಮಿ.ಮೀ. ಹಿಂದುಮುಂದು ಇರುತ್ತದೆ. ಪರದೆಯ ಗುಂಡಿಗಳು 15 ಸೆಂ.ಮೀ. ಇರಲಿ.

ಸ್ಪರ್ಶ ಪೂರ್ತಿ ಸತ್ತಿದ್ದರೆ ನೆಟ್‌ವರ್ಕ್ ನೋಡಿ. ಆ ಸೆನ್ಸರ್ ಕಾರ್ಖಾನೆಯಿಂದ ಬರುವಾಗ 192.168.0.10 ವಿಳಾಸದಲ್ಲಿರುತ್ತದೆ. ಅಪ್‌ಡೇಟ್‌ಗೆಂದು ಯಾರೋ ಹಾಕಿದ ವೈಫೈ ರೌಟರ್ ಕೂಡ 192.168.0 ಸಾಲಿನದೇ ಆಗಿದ್ದರೆ ಕಂಪ್ಯೂಟರ್ ಸೆನ್ಸರನ್ನು ತಪ್ಪು ದಾರಿಯಲ್ಲಿ ಹುಡುಕುತ್ತದೆ. ವೈಫೈ ತೆಗೆದು ನೋಡಿ. ಟ್ರ್ಯಾಕಿಂಗ್ ಸಾಫ್ಟ್‌ವೇರ್‌ನಲ್ಲಿ ಚುಕ್ಕೆ ಕಾಣುತ್ತಿದೆ, ಆಟದಲ್ಲಿ ಮಾತ್ರ ಇಲ್ಲ ಎಂದರೆ ವಿಂಡೋಸ್ ನೆಟ್‌ವರ್ಕನ್ನು "ಪಬ್ಲಿಕ್" ಎಂದು ಬದಲಿಸಿಕೊಂಡು, ಸ್ಪರ್ಶದ ಮಾಹಿತಿಯನ್ನು ಆಟಕ್ಕೆ ಒಯ್ಯುವ ಟ್ಯುಯೊ ಸಂದೇಶಗಳು ಹೋಗುವ 3333 ಪೋರ್ಟನ್ನು ಫೈರ್‌ವಾಲ್ ತಡೆದಿರಬಹುದು.

ಸ್ಪರ್ಶ ತಡವಾಗಿ ಬರುತ್ತದೆ ಎಂದರೆ ಅಳೆಯಿರಿ. ಮೊಬೈಲ್‌ನಲ್ಲಿ 240 ಫ್ರೇಮ್‌ನ ಸ್ಲೋ ಮೋಶನ್ ತೆಗೆದು, ಕೈ ತಾಗಿದ ಫ್ರೇಮಿನಿಂದ ಚಿತ್ರ ಬದಲಾದ ಫ್ರೇಮಿನವರೆಗೆ ಎಣಿಸಿ. 24 ಫ್ರೇಮ್ ಎಂದರೆ 100 ಮಿಲಿಸೆಕೆಂಡ್. ಅದಕ್ಕಿಂತ ಹೆಚ್ಚಿದ್ದರೆ ಟ್ರ್ಯಾಕಿಂಗ್‌ನ ಸ್ಮೂದಿಂಗ್ ಇಳಿಸಿ, ಕಂಟ್ರೋಲರ್‌ನ ಸ್ಕೇಲರ್ ಬಂದ್ ಮಾಡಿ, ಮತ್ತೆ ಎಣಿಸಿ.

ಮಳೆಗಾಲ

ಕರಾವಳಿ, ಮಲೆನಾಡಿನ ಗ್ಯಾಲರಿಗಳಿಗೆ ಇದು ಬಹಳ ಮುಖ್ಯ. ಹಗಲು ಎಸಿಯಲ್ಲಿ ತಣ್ಣಗಾದ ಗೋಡೆಗೆ ರಾತ್ರಿ ಹೊರಗಿನ ತೇವದ ಗಾಳಿ ತಾಗಿದರೆ ನೀರು ಕೂರುತ್ತದೆ. ಅದರ ಮೇಲೆ ಬೆಳಿಗ್ಗೆ ಪೂರ್ತಿ ಬೆಳಕು ಹಾಕಿದರೆ ಎಲ್‌ಇಡಿಗಳು ಸಾಲಾಗಿ ಸಾಯುತ್ತವೆ. ಗೋಡೆಯ ಹಿಂದೆ ಒಂದು ತೇವಾಂಶ ಮಾಪಕ ಇಡಿ, 60 ಶೇಕಡಾ ದಾಟದಂತೆ ಡಿಹ್ಯೂಮಿಡಿಫೈಯರ್ ನಡೆಸಿ. ರಜೆಯಿದ್ದರೂ ದಿನಕ್ಕೆ ಎರಡು ಗಂಟೆ ಗೋಡೆ ಉರಿಯಲಿ. ವಾರಗಟ್ಟಲೆ ಮುಚ್ಚಿದ್ದ ಗೋಡೆಯನ್ನು ಮೊದಲು ಶೇ 10ರಿಂದ 20 ಬೆಳಕಿನಲ್ಲಿ ಕೆಲವು ಗಂಟೆ ಬೆಚ್ಚಗಾಗಿಸಿ, ಆಮೇಲೆ ಶೇ 40, ಕೊನೆಗೆ ಎಂದಿನಂತೆ.

ಅದಾದ ಮೇಲೆ ಕೆಂಪು, ಹಸಿರು, ನೀಲಿ, ಬಿಳಿ ನಾಲ್ಕನ್ನೂ ಹಾಕಿ ಫೋಟೊ ತೆಗೆದು, ಮಳೆಗೆ ಮೊದಲಿನ ಫೋಟೊಗಳ ಪಕ್ಕದಲ್ಲಿಟ್ಟು ಸತ್ತ ಪಿಕ್ಸೆಲ್ ಎಣಿಸಿ. ಹೊಸವು ಗೋಡೆಯ ತುಂಬ ಚದುರಿದ್ದರೆ ತೇವ ಗಾಳಿಯಿಂದ ಬಂದಿದೆ. ಎಲ್ಲವೂ ತೀರ ಕೆಳಸಾಲಿನ ಮಾಡ್ಯೂಲ್‌ಗಳಲ್ಲೇ ಗುಂಪಾಗಿದ್ದರೆ, ಬೆಳಿಗ್ಗೆ ನೆಲ ಒರೆಸುವ ಹೊತ್ತಿಗೆ ಅಲ್ಲಿ ನಿಂತು ಮಾಪ್ ಎಲ್ಲಿಗೆ ತಾಗುತ್ತದೆ ಎಂದು ನೋಡಿ.